ಸತ್ತ ನಾಗರಿಕರ ಲೆಕ್ಕವನ್ನು ಸಂಸತ್ತಿನ ಮುಂದಿಡಿ: ಕಲ್ಯಾಣ ಕರ್ನಾಟಕದ ಸಂಸದರಿಗೆ ಬೀದರ್‌ನಿಂದ ಒಂದು ಬಹಿರಂಗ ಪತ್ರ

ಬೀದರ್, ಕಲಬುರಗಿ ಮತ್ತು ರಾಯಚೂರು ಲೋಕಸಭಾ ಕ್ಷೇತ್ರಗಳ ಸದಸ್ಯರಿಗೆ ಹಾಗೂ ಈ ಭಾಗದವರಾದ ರಾಜ್ಯಸಭಾ ಸದಸ್ಯರಿಗೆ,

ವಿಷಯ: ಗಡಿಯಾಚೆಗಿನ ಸೇನಾ ದಾಳಿಗಳಲ್ಲಿಯೂ ಗಡಿಯ ಷೆಲ್ ದಾಳಿಗಳಲ್ಲಿಯೂ ಮಡಿಯುವ ನಾಗರಿಕರ ವಿವರವನ್ನು ಉಭಯ ಸದನಗಳಲ್ಲಿ ಕೇಳುವ ಬಗ್ಗೆ.

ಮಾನ್ಯರೆ,

ನಾನು ಬೀದರ್‌ನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೌಢಶಾಲೆಯ ಮಕ್ಕಳಿಗೆ ಇತಿಹಾಸ ಕಲಿಸಿದವನು. ನಮ್ಮ ಶಾಲೆಯ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು ದಿನವೂ ಹಾರುತ್ತಿದ್ದವು. 2008ರಲ್ಲಿ ಹಾಕ್ ಜೆಟ್‌ಗಳು ಇಲ್ಲಿನ ವಾಯುನೆಲೆಗೆ ಬಂದ ಮೇಲೆ ಸದ್ದು ಇನ್ನೂ ಹೆಚ್ಚಾಯಿತು. ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಮುಂದುವರಿಸುವುದು ನನಗೂ ಮಕ್ಕಳಿಗೂ ರೂಢಿಯಾಗಿಬಿಟ್ಟಿತ್ತು. ಸೂರ್ಯಕಿರಣ ತಂಡದ ನೆಲೆಯೂ ಇಲ್ಲಿಯೇ ಇದೆ. ಮುಂದೆ ಯುದ್ಧವಿಮಾನ ಹಾರಿಸಲಿರುವ ತರುಣರು ನಮ್ಮ ಆಕಾಶದಲ್ಲಿ ಕಲಿತು ಹೋಗುತ್ತಾರೆಂಬ ಹೆಮ್ಮೆ ಈ ಊರಿನ ಎಲ್ಲರಿಗೂ ಇದೆ, ನನಗೂ ಇದೆ.

2025ರ ಮೇ 7ರ ಬೆಳಿಗ್ಗೆ ಪಾಕಿಸ್ತಾನದಲ್ಲಿಯೂ ಪಾಕ್ ಆಕ್ರಮಿತ ಕಾಶ್ಮೀರದಲ್ಲಿಯೂ ಒಂಬತ್ತು ಸ್ಥಳಗಳ ಮೇಲೆ ನಮ್ಮ ಪಡೆಗಳು ದಾಳಿ ಮಾಡಿದ ಸುದ್ದಿ ಬಂದಾಗ ನಮ್ಮ ಓಣಿಯ ಹುಡುಗರು ಮನೆಗೆ ಓಡಿ ಬಂದು, ನಮ್ಮ ಬೀದರ್‌ನಲ್ಲಿ ಕಲಿತವರೂ ಹೋಗಿದ್ದರೇನು ಎಂದು ಕೇಳಿದರು. ಹೋಗಿರಬಹುದು ಎಂದೆ. ಎರಡು ದಿನಗಳ ಮೇಲೆ ಅದೇ ಗುಂಪಿನ ಹುಡುಗಿಯೊಬ್ಬಳು, "ಸರ್, ನಮ್ಮ ಕಡೀದೋರು ಎಷ್ಟ್ ಮಂದಿ ಸತ್ರು, ಅವ್ರ ಕಡೀದೋರು ಎಷ್ಟ್ ಮಂದಿ?" ಎಂದು ಕೇಳಿದಳು. ಅವಳು ಕೇಳಿದ್ದು ಸೈನಿಕರ ಬಗ್ಗೆಯಲ್ಲ, ಮನೆಯಲ್ಲಿದ್ದವರ ಬಗ್ಗೆ. ಇತಿಹಾಸದ ಮೇಷ್ಟ್ರಾದ ನನ್ನಲ್ಲಿ ಆ ಪ್ರಶ್ನೆಗೆ ನಂಬಿ ಹೇಳಬಹುದಾದ ಉತ್ತರವಿರಲಿಲ್ಲ. ಅದಕ್ಕಾಗಿ ಈ ಪತ್ರವನ್ನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ಆ ಉತ್ತರವನ್ನು ಕೇಳಿ ಪಡೆಯುವ ಅಧಿಕಾರ ಈ ದೇಶದಲ್ಲಿ ಮೊದಲು ನಿಮಗಿದೆ.

ನನ್ನ ಮಾತು ಬೇರೆ ಅರ್ಥಕ್ಕೆ ಹೋಗದಿರಲೆಂದು ಒಂದು ವಿಷಯವನ್ನು ಮೊದಲೇ ಹೇಳುತ್ತೇನೆ. ಏಪ್ರಿಲ್ 22ರಂದು ಪಹಲ್ಗಾಮ್ ಬಳಿಯ ಬೈಸರನ್ ಹುಲ್ಲುಗಾವಲಿನಲ್ಲಿ 26 ಮಂದಿಯನ್ನು ಕೊಂದವರ ಬಗ್ಗೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ಅಲ್ಲಿ ಸತ್ತವರಲ್ಲಿ ಶಿವಮೊಗ್ಗದವರಿದ್ದರು, ಬೆಂಗಳೂರಿನವರಿದ್ದರು, ಪ್ರವಾಸಿಗರನ್ನು ಕುದುರೆಯ ಮೇಲೆ ಕರೆದೊಯ್ದು ಹೊಟ್ಟೆ ಹೊರೆಯುತ್ತಿದ್ದ ಸ್ಥಳೀಯ ಮುಸ್ಲಿಂ ತರುಣನೂ ಇದ್ದ. 2008ರ ಮುಂಬೈಯನ್ನು, 40 ಸಿಆರ್‌ಪಿಎಫ್ ಯೋಧರು ಮಡಿದ 2019ರ ಪುಲ್ವಾಮಾವನ್ನು ಮರೆತವರು ಯಾರೂ ಇಲ್ಲ. ಲಷ್ಕರ್ ಮತ್ತು ಜೈಷ್‌ನಂಥ ಸಂಘಟನೆಗಳಿಗೆ ನೆಲೆ ಕೊಟ್ಟು, ತನಗೇನೂ ತಿಳಿಯದೆಂದು ಹೇಳುತ್ತ ಬಂದ ನೆರೆ ರಾಷ್ಟ್ರದ ಮುಂದೆ ಭಾರತ ಕೈಕಟ್ಟಿ ಕೂರಬೇಕೆಂದು ನಾನು ಹೇಳುವುದಿಲ್ಲ. ದಾಳಿ ಮಾಡಬೇಕೋ ಬೇಡವೋ ಎಂಬ ಚರ್ಚೆ ಈ ಪತ್ರದ್ದಲ್ಲ. ದಾಳಿಯಾದ ಮೇಲೆ ಎರಡೂ ಕಡೆ ಸತ್ತ ನಿರಪರಾಧಿಗಳ ಲೆಕ್ಕವನ್ನು ಯಾರು, ಎಂದು, ಎಲ್ಲಿ ಕೊಡುತ್ತಾರೆ ಎಂಬುದಷ್ಟೇ ನನ್ನ ಪ್ರಶ್ನೆ.

ಈ ಪ್ರಶ್ನೆಯನ್ನು ಗಡಿಯಿಂದ ಇಷ್ಟು ದೂರದ ಬೀದರ್‌ನವನೊಬ್ಬ ಏಕೆ ಕೇಳುತ್ತಾನೆ ಎಂದು ನಿಮಗೆ ಅನಿಸಬಹುದು. ನಮಗೂ ಒಂದು ಕಾಲದಲ್ಲಿ ಗಡಿಯಿತ್ತು. 1948ರ ಸೆಪ್ಟೆಂಬರ್‌ವರೆಗೆ ಬೀದರ್, ಕಲಬುರಗಿ, ಯಾದಗಿರಿಗಳೆಲ್ಲ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದವು, ಸೊಲ್ಲಾಪುರ ಭಾರತದಲ್ಲಿತ್ತು. ನಿಜಾಮನ ಪರ ನಿಂತ ಕಾಸಿಂ ರಜ್ವಿಯ ರಜಾಕಾರರು ಸಂಸ್ಥಾನದೊಳಗಿನ ಹಳ್ಳಿಗಳನ್ನು ಸುಟ್ಟರು, ಗಡಿ ದಾಟಿ ಭಾರತದ ಹಳ್ಳಿಗಳಿಗೂ ನುಗ್ಗಿದರು. ಆ ವರ್ಷದ ಮೇ ತಿಂಗಳಿನಲ್ಲಿ ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ಅವರು ನಡೆಸಿದ ಕಗ್ಗೊಲೆಯಲ್ಲಿ ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರೆಂದು ನಮ್ಮ ಹಿರಿಯರು ಹೇಳುತ್ತಾರೆ. ಭಾಲ್ಕಿ ತಾಲ್ಲೂಕಿನ ವರವಟ್ಟಿಯಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಖರ್ಗೆಯವರು ಬಾಲಕರಾಗಿದ್ದಾಗಲೇ ತಾಯಿಯನ್ನೂ ಸಹೋದರಿಯನ್ನೂ ಕಳೆದುಕೊಂಡದ್ದು ಆ ಬೆಂಕಿಯಲ್ಲಿಯೇ. ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆ ಎಂಬ ಹೆಸರಿನಲ್ಲಿ ಭಾರತದ ಸೇನೆ ಒಳಬಂತು, 17ರಂದು ನಿಜಾಮ ಶರಣಾದ. ಆ ದಿನವನ್ನು ನಾವು ಪ್ರತಿ ವರ್ಷ ಧ್ವಜ ಹಾರಿಸಿ ಆಚರಿಸುತ್ತೇವೆ, ಆಚರಿಸಬೇಕು ಕೂಡ. ನಮ್ಮ ಹಿರಿಯರಿಗೆ ಅಂದು ಬಂದ ಬಿಡುಗಡೆ ನಿಜವಾದದ್ದು.

ಆದರೆ ಅದೇ ವಾರಗಳಲ್ಲಿ ಏನು ನಡೆಯಿತೆಂಬುದನ್ನು ನಾವು ತರಗತಿಯಲ್ಲಿ ಹೇಳಲಿಲ್ಲ. ಸೇನೆ ಬಂದಾಗ ಮತ್ತು ಬಂದ ಮೇಲೆ, ರಜಾಕಾರರ ಪಾಪದ ಸೇಡನ್ನು ಅವರೊಂದಿಗೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ನೆರೆಹೊರೆಯವರ ಮೇಲೆ ತೀರಿಸಿಕೊಳ್ಳಲಾಯಿತು. ನೆಹರೂ ಅವರ ಇಚ್ಛೆಯಂತೆ ಆ ವರ್ಷದ ಕೊನೆಯಲ್ಲಿ ಹೈದರಾಬಾದ್ ಸಂಸ್ಥಾನವನ್ನು ಸುತ್ತಿದ ಪಂಡಿತ್ ಸುಂದರಲಾಲ್ ಸಮಿತಿ, ಕಾರ್ಯಾಚರಣೆಯ ವೇಳೆ ಮತ್ತು ಅದರ ನಂತರ ಕಡಿಮೆಯೆಂದರೂ 27 ಸಾವಿರದಿಂದ 40 ಸಾವಿರ ಮಂದಿ ಸತ್ತಿರಬೇಕೆಂದು ಅಂದಾಜಿಸಿತು. ಅತ್ಯಂತ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಕಲಬುರಗಿ, ಬೀದರ್ ಮತ್ತು ನಾಂದೇಡ್‌ಗಳನ್ನು ಹೆಸರಿಸಿತು. ಆ ವರದಿಯನ್ನು ಸರ್ಕಾರ ಪ್ರಕಟಿಸಲಿಲ್ಲ. 2013ರಲ್ಲಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಸಾರ್ವಜನಿಕರ ಓದಿಗೆ ಸಿಗುವ ಹೊತ್ತಿಗೆ ಕಂಡವರು, ಉಳಿದವರು, ಮಾಡಿದವರು ಬಹುತೇಕ ಎಲ್ಲರೂ ತೀರಿಕೊಂಡಿದ್ದರು. ಸಂಖ್ಯೆಯೇ ಇಂದಿಗೂ 27 ಸಾವಿರ ಮತ್ತು 40 ಸಾವಿರದ ನಡುವೆ ತೂಗಾಡುತ್ತಿದೆ ಎಂದರೆ, ಆ ನಡುವಿನ 13 ಸಾವಿರ ಜನ ಇದ್ದರೋ ಇಲ್ಲವೋ ಎಂಬುದೇ ನಮಗೆ ಗೊತ್ತಿಲ್ಲವೆಂದು ಅರ್ಥ.

ನನ್ನ ಅಜ್ಜ ಬಸವಕಲ್ಯಾಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಅವರ ಉದ್ರಿ ವಹಿ ಈಗಲೂ ನನ್ನ ಬಳಿ ಇದೆ: ಮೋಡಿ ಅಕ್ಷರ, ನಿಜಾಮನ ಕಾಲದ ಹಾಲಿ ಸಿಕ್ಕಾ ರೂಪಾಯಿಯ ಲೆಕ್ಕ, ಕೆಂಪು ಬಟ್ಟೆಯ ಹೊದಿಕೆ. ಅದರಲ್ಲಿ ಗೋರಟಾದ ಕಡೆಯ ಎರಡು ಮನೆಗಳ ಬಾಕಿ ಆ ಮೇ ತಿಂಗಳಿಗೆ ನಿಂತುಹೋಗಿದೆ. ನಮ್ಮೂರಿನ ಒಬ್ಬ ಪಿಂಜಾರನ, ಒಬ್ಬ ದರ್ಜಿಯ, ಒಬ್ಬ ತಾಂಬೋಳಿಯ ಬಾಕಿ ಸೆಪ್ಟೆಂಬರ್‌ಗೆ ನಿಂತುಹೋಗಿದೆ. ವಸೂಲಾದ ಉದ್ರಿಗೆ ಅಡ್ಡಗೆರೆ ಎಳೆಯುವುದು ಅಜ್ಜನ ಪದ್ಧತಿ; ಈ ಐದು ಪುಟಗಳಲ್ಲಿ ಗೆರೆಯೇ ಇಲ್ಲ. ಹನ್ನೆರಡು ವರ್ಷದವನಿದ್ದಾಗ ನಾನು, ಬರದ ಬಾಕಿಯ ಹಾಳೆ ಹರಿದು ಹಾಕಬಾರದೇ ಎಂದು ಕೇಳಿದ್ದೆ. "ಇವ್ರು ಊರಾಗ ಇದ್ರು ಅಂಬುದಕ್ಕ ಮತ್ತೇನದ?" ಎಂದರು. ಇನ್ನೇನೂ ಇರಲಿಲ್ಲ. ಸರ್ಕಾರದ ಯಾವ ಕಡತದಲ್ಲಿಯೂ ಆ ಐದು ಮನೆಗಳವರ ಹೆಸರನ್ನು ನಾನು ಕಂಡಿಲ್ಲ. ಗೋರಟಾದಲ್ಲಿ 2023ರಲ್ಲಿ ಸ್ಮಾರಕವಾಯಿತು, ಒಳ್ಳೆಯದಾಯಿತು. ನಮ್ಮೂರ ದರ್ಜಿಯ ಹೆಸರು ಈ ವಹಿಯಲ್ಲಿ ಮಾತ್ರ ಉಳಿದಿದೆ.

ಹಾಗಾಗಿ, ಸತ್ತವರನ್ನು ಎಣಿಸದೆ ಬಿಟ್ಟರೆ ಏನಾಗುತ್ತದೆ ಎಂಬುದು ಈ ಮೂರು ಜಿಲ್ಲೆಗಳ ಜನರಿಗೆ ಪುಸ್ತಕದಿಂದ ತಿಳಿದ ಸಂಗತಿಯಲ್ಲ. ಒಬ್ಬರು ತಮ್ಮ ಕಡೆಯವರು ಮಾತ್ರ ಸತ್ತರೆನ್ನುತ್ತಾರೆ, ಇನ್ನೊಬ್ಬರು ಏನೂ ಆಗಲೇ ಇಲ್ಲವೆನ್ನುತ್ತಾರೆ, ಮತ್ತೊಬ್ಬರು ಬಾಯಿಗೆ ಬಂದ ಸಂಖ್ಯೆ ಹೇಳುತ್ತಾರೆ. ಪ್ರತಿ ಚುನಾವಣೆಯಲ್ಲಿಯೂ ಹಳೆಯ ಗಾಯಕ್ಕೆ ಹೊಸ ಉಪ್ಪು ಬೀಳುತ್ತದೆ.

ಈಗ ಜಮ್ಮುವಿನ ಗಡಿ ಪಟ್ಟಣವಾದ ಪೂಂಛ್‌ಗೆ ಬರುತ್ತೇನೆ. ಮೇ 7ರಂದು ಮತ್ತು ನಂತರದ ದಿನಗಳಲ್ಲಿ ಪಾಕಿಸ್ತಾನದ ಸೇನೆ ನಿಯಂತ್ರಣ ರೇಖೆಯುದ್ದಕ್ಕೂ ಸುರಿಸಿದ ಷೆಲ್‌ಗಳು ಆ ಪಟ್ಟಣದ ಮನೆ, ಗುರುದ್ವಾರ, ಮದರಸಾ, ಶಾಲೆಗಳ ಆಸುಪಾಸಿನಲ್ಲಿ ಬಿದ್ದವು. 16 ನಾಗರಿಕರು, ಅವರಲ್ಲಿ ಮೂವರು ಮಹಿಳೆಯರು ಮತ್ತು ಐವರು ಮಕ್ಕಳು, ಸತ್ತರೆಂದು ಮೇ 8ರಂದು ನಮ್ಮ ರಕ್ಷಣಾ ಸಚಿವಾಲಯ ತಿಳಿಸಿತು. ಮೇ 10ರ ಕದನ ವಿರಾಮದ ಹೊತ್ತಿಗೆ ಆ ಸಂಖ್ಯೆ ಇನ್ನೂ ಏರಿತ್ತು. ಮೇ 7ರಂದು ಸತ್ತವರಲ್ಲಿ ಒಬ್ಬರು ಮದರಸಾದ ಶಿಕ್ಷಕರು. ಪಾಕಿಸ್ತಾನದ ಷೆಲ್ಲಿಗೆ ಬಲಿಯಾದ ಆ ಭಾರತೀಯ ಶಿಕ್ಷಕರನ್ನು ನಮ್ಮದೇ ದೇಶದ ಕೆಲವು ಸುದ್ದಿವಾಹಿನಿಗಳು, ಸೇನೆ ಕೊಂದ ಭಯೋತ್ಪಾದಕನೆಂದು ಇಡೀ ದೇಶಕ್ಕೆ ತೋರಿಸಿದವು. ಅದು ಸುಳ್ಳೆಂದು ಪೂಂಛ್ ಪೊಲೀಸರೇ ಹೇಳಿಕೆ ಹೊರಡಿಸಬೇಕಾಯಿತು, ಮುಂದೆ ಅಲ್ಲಿನ ನ್ಯಾಯಾಲಯ ಎಫ್‌ಐಆರ್ ದಾಖಲಿಸಲು ಆದೇಶಿಸಿತು. ಒಬ್ಬ ಶಿಕ್ಷಕನಾಗಿ ಈ ಒಂದು ಸಂಗತಿಯನ್ನು ನಾನು ಎಷ್ಟು ಪ್ರಯತ್ನಿಸಿದರೂ ಮನಸ್ಸಿನಿಂದ ತೆಗೆಯಲಾರೆ. ಅವರ ಮನೆಯವರು ಹೆಣದ ಮುಂದೆ ಕುಳಿತು ತಮ್ಮವರು ಉಗ್ರನಲ್ಲವೆಂದು ಸಾಬೀತು ಮಾಡಬೇಕಾಯಿತಲ್ಲ! ಸತ್ತವರ ಹೆಸರು, ಊರು, ಸತ್ತ ರೀತಿಯನ್ನು ಸರ್ಕಾರವೇ ಅಧಿಕೃತವಾಗಿ ಅಂದೇ ಪ್ರಕಟಿಸುವ ಪದ್ಧತಿ ಇದ್ದಿದ್ದರೆ ಯಾವ ವಾಹಿನಿಗೂ ಆ ಧೈರ್ಯ ಬರುತ್ತಿರಲಿಲ್ಲ.

ಈ ವಿವರ ಸಂಗ್ರಹಿಸುವುದು ಕಷ್ಟದ ಕೆಲಸವೂ ಅಲ್ಲ. ಗಡಿಯಾಚೆಯ ಗುಂಡು ಮತ್ತು ಷೆಲ್ ದಾಳಿಯಲ್ಲಿ ಸತ್ತ ನಾಗರಿಕರ ಕುಟುಂಬಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡುವ ಕೇಂದ್ರದ ಯೋಜನೆ ಈಗಾಗಲೇ ಇದೆ. ಪರಿಹಾರದ ಆದೇಶಕ್ಕೆ ಸಹಿ ಹಾಕುವ ಜಿಲ್ಲಾಧಿಕಾರಿಯ ಮೇಜಿನ ಮೇಲೆ ಸತ್ತವರ ಹೆಸರು, ವಯಸ್ಸು, ಸ್ಥಳ, ಮರಣೋತ್ತರ ಪರೀಕ್ಷೆಯ ವರದಿ ಎಲ್ಲವೂ ಇರಲೇಬೇಕು. ಆ ಕಾಗದ ಜಿಲ್ಲಾ ಕಚೇರಿಯಿಂದ ಸಂಸತ್ತಿನ ಮೇಜಿಗೆ ಬರಬೇಕೆಂಬುದಷ್ಟೇ ನಮ್ಮ ಕೋರಿಕೆ. ಬಂದರೆ ಅದರೊಂದಿಗೆ ಬೇರೆ ಪ್ರಶ್ನೆಗಳೂ ಬರುತ್ತವೆ, ಬರಲಿ. ಜಮ್ಮುವಿನ ಗಡಿ ಜಿಲ್ಲೆಗಳಿಗೆ 14,460 ಬಂಕರ್‌ಗಳನ್ನು ಕೇಂದ್ರ ಮಂಜೂರು ಮಾಡಿದ್ದು 2017ರ ಡಿಸೆಂಬರ್‌ನಲ್ಲಿ. ಏಳು ವರ್ಷಗಳ ಮೇಲೆ ಷೆಲ್ ಬಿದ್ದಾಗ ಪೂಂಛ್ ಪಟ್ಟಣದ ಜನ ತಮಗೆ ಅಡಗಲು ಬಂಕರ್ ಇರಲಿಲ್ಲವೆಂದು ಹೇಳಿದರು. ಯಾವ ಓಣಿಯಲ್ಲಿ ಎಷ್ಟು ಜನ ಎಲ್ಲಿದ್ದಾಗ ಸತ್ತರೆಂಬ ಪಟ್ಟಿ ಸದನದ ಮುಂದಿದ್ದರೆ, ಬಂಕರ್ ಎಲ್ಲಿ ಬೇಕೆಂಬುದನ್ನು ಪಟ್ಟಿಯೇ ಹೇಳುತ್ತದೆ.

ಇನ್ನು ಆ ಬದಿಯವರ ಮಾತು. ಇಲ್ಲಿ ನಿಮ್ಮಲ್ಲಿ ಕೆಲವರು ಪತ್ರವನ್ನು ಮಡಚಿಡಬಹುದು, ದಯವಿಟ್ಟು ಓದಿ.

ಭಾರತದ ದಾಳಿಗಳಲ್ಲಿ ತನ್ನ 40 ನಾಗರಿಕರು, ಅವರಲ್ಲಿ 7 ಮಹಿಳೆಯರು ಮತ್ತು 15 ಮಕ್ಕಳು, ಸತ್ತರೆಂದು ಪಾಕಿಸ್ತಾನದ ಸೇನೆ ಮೇ 13ರಂದು ಹೇಳಿತು. ನಮ್ಮ ಸರ್ಕಾರ, ದಾಳಿ ಮಾಡಿದ್ದು ಉಗ್ರರ ನೆಲೆಗಳ ಮೇಲೆ ಮಾತ್ರ, ಸತ್ತವರು ನೂರಕ್ಕೂ ಹೆಚ್ಚು ಭಯೋತ್ಪಾದಕರು ಎಂದಿತು. ಪಾಕಿಸ್ತಾನದ ಬಹಾವಲ್ಪುರದಲ್ಲಿ ತನ್ನ ಕುಟುಂಬದ ಹತ್ತು ಮಂದಿ, ಮಕ್ಕಳೂ ಸೇರಿ, ಸತ್ತರೆಂಬ ಹೇಳಿಕೆ ಜೈಷ್ ಮುಖ್ಯಸ್ಥ ಮಸೂದ್ ಅಜರ್ ಹೆಸರಿನಲ್ಲಿ ಹೊರಬಂತು. ಹೆಂಡತಿ ಮಕ್ಕಳನ್ನು ಶಸ್ತ್ರಾಗಾರದ ಪಕ್ಕದ ಕೋಣೆಯಲ್ಲಿ ಮಲಗಿಸುವುದು ಆ ಸಂಘಟನೆಗಳ ಹಳೆಯ ಅಪರಾಧ, ಅದರ ಹೊಣೆ ಮೊದಲು ಅವರದೇ. ಆದರೂ ಆ ಕೋಣೆಯಲ್ಲಿ ಮಲಗಿದ್ದ ಮಗು ಯಾವ ಸಂಘಟನೆಗೂ ಸೇರಿದ್ದಲ್ಲ. ಯೋಧರನ್ನು ಮತ್ತು ನಾಗರಿಕರನ್ನು ಬೇರೆ ಬೇರೆಯಾಗಿ ಕಾಣಬೇಕು, ದಾಳಿಯಿಂದ ಆಗುವ ಸೇನಾ ಲಾಭಕ್ಕೆ ಮೀರಿದ ನಾಗರಿಕ ಹಾನಿ ಆಗಬಾರದು, ಹಾನಿ ತಪ್ಪಿಸಲು ಸಾಧ್ಯವಿರುವ ಎಚ್ಚರಿಕೆಗಳನ್ನೆಲ್ಲ ಮೊದಲೇ ವಹಿಸಬೇಕು ಎಂಬುದು ಯುದ್ಧದ ಕಾನೂನು. ಇವನ್ನು ವಿವರವಾಗಿ ಬರೆದ, ಜಿನೀವಾ ಒಪ್ಪಂದಗಳ 1977ರ ಹೆಚ್ಚುವರಿ ಒಪ್ಪಂದಕ್ಕೆ ಭಾರತ ಸೇರಿಲ್ಲ, ಪಾಕಿಸ್ತಾನ ಸಹಿ ಹಾಕಿದರೂ ಅನುಮೋದಿಸಿಲ್ಲ. ಆದರೆ ಈ ತತ್ವಗಳು ಒಪ್ಪಂದಕ್ಕೆ ಸೇರದ ದೇಶಗಳನ್ನೂ ಕಟ್ಟಿಹಾಕುವ ರೂಢಿಗತ ಕಾನೂನೆಂದು ಜಗತ್ತು ಒಪ್ಪಿದೆ.

ನಮ್ಮ ಸೇನೆಯೂ ಒಪ್ಪಿದೆ, ಬಾಯಿ ಬಿಟ್ಟು ಹೇಳಿಯೂ ಇದೆ. 2019ರ ಫೆಬ್ರವರಿ 26ರಂದು ಬಾಲಾಕೋಟ್ ದಾಳಿಯಾದ ಬೆಳಿಗ್ಗೆ, ನಾಗರಿಕರಿಗೆ ಹಾನಿಯಾಗದಂತೆ ಗುರಿಯನ್ನು ಆರಿಸಲಾಯಿತೆಂದು ವಿದೇಶಾಂಗ ಕಾರ್ಯದರ್ಶಿ ತಿಳಿಸಿದರು. 2025ರ ಮೇ 7ರ ದಾಳಿಯನ್ನು ರಾತ್ರಿ ಒಂದರಿಂದ ಒಂದೂವರೆಯ ನಡುವೆ ನಡೆಸಿದ್ದೇಕೆಂದು ಆಗ ರಕ್ಷಣಾ ಪಡೆಗಳ ಮುಖ್ಯಸ್ಥರಾಗಿದ್ದ ಜನರಲ್ ಅನಿಲ್ ಚೌಹಾಣ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಂಚಿಯ ಶಾಲಾ ಮಕ್ಕಳಿಗೆ ವಿವರಿಸಿದರು: ನಸುಕಿನವರೆಗೆ ಕಾದಿದ್ದರೆ ಮೊದಲ ಆಜಾನ್‌ನ ಹೊತ್ತಿಗೆ ಬಹಾವಲ್ಪುರ, ಮುರೀದ್ಕೆಗಳಲ್ಲಿ ಜನಸಾಮಾನ್ಯರ ಓಡಾಟವಿರುತ್ತಿತ್ತು, ಅವರು ಸಾಯುತ್ತಿದ್ದರು ಎಂದರು. ದೇಶದ ಅತ್ಯುನ್ನತ ಸೇನಾಧಿಕಾರಿ ಮಕ್ಕಳ ಮುಂದೆ ನಿಂತು ಹೀಗೆ ಹೇಳಿದ್ದು ನನಗೆ ಬಹಳ ಸಮಾಧಾನ ತಂದಿತು. ದಾಳಿಗೆ ಮೊದಲು ಇಷ್ಟು ಯೋಚಿಸುವವರು, ಆ ಯೋಚನೆ ಎಷ್ಟರಮಟ್ಟಿಗೆ ಫಲಿಸಿತೆಂದು ದಾಳಿಯ ನಂತರವೂ ಹೇಳಬೇಕಲ್ಲವೇ? ಬಹಾವಲ್ಪುರಕ್ಕೆ ನಮ್ಮ ತಹಶೀಲ್ದಾರರನ್ನು ಕಳಿಸಲಾಗದು, ನಿಜ. ಆದರೆ ಬಾಂಬು ಬಿದ್ದ ಜಾಗದ ಉಪಗ್ರಹ ಚಿತ್ರ, ವಿಡಿಯೊ ಎಲ್ಲವನ್ನೂ ಸೇನೆ ಪರಿಶೀಲಿಸುತ್ತದೆ; ಅವುಗಳಲ್ಲಿ ಕೆಲವನ್ನು ಮೇ ತಿಂಗಳ ಪತ್ರಿಕಾಗೋಷ್ಠಿಗಳಲ್ಲಿ ನಮಗೂ ತೋರಿಸಲಾಯಿತು. ಕಟ್ಟಡ ಎಷ್ಟು ಉರುಳಿತೆಂದು ನೋಡುವ ಕಣ್ಣು, ಅದರಲ್ಲಿ ಯಾರಿದ್ದರೆಂದೂ ನೋಡಬಹುದು. ಅಮೆರಿಕದಲ್ಲಿ, ತನ್ನ ಸೇನೆಯ ಕಾರ್ಯಾಚರಣೆಗಳಲ್ಲಿ ಸತ್ತ ನಾಗರಿಕರ ಬಗ್ಗೆ ರಕ್ಷಣಾ ಇಲಾಖೆ ಪ್ರತಿ ವರ್ಷ ಸಂಸತ್ತಿಗೆ ವರದಿ ಕೊಡಬೇಕೆಂಬ ಕಾನೂನು 2018ನೇ ಹಣಕಾಸು ವರ್ಷದ ರಕ್ಷಣಾ ಕಾಯ್ದೆಯಲ್ಲಿ ಬಂತು. ಆ ವರದಿಗಳು ಪೂರ್ಣವಲ್ಲವೆಂಬ ಟೀಕೆ ಇದೆ. ಟೀಕಿಸಲು ಅವರ ಕೈಯಲ್ಲಿ ಒಂದು ವರದಿಯಾದರೂ ಇದೆ.

ತಪ್ಪು ಒಪ್ಪಿಕೊಂಡರೆ ಸೇನೆಯ ಸ್ಥೈರ್ಯ ಕುಸಿಯುತ್ತದೆ ಎಂಬ ಮಾತನ್ನು ನಾನು ಅನೇಕರಿಂದ ಕೇಳಿದ್ದೇನೆ. 2022ರ ಮಾರ್ಚ್ 9ರಂದು ನಮ್ಮ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಮಿಯಾ ಚನ್ನು ಬಳಿ ಬಿದ್ದಿತು. ಯಾರೂ ಸಾಯಲಿಲ್ಲ. ಭಾರತ ಸರ್ಕಾರ ವಿಷಾದ ವ್ಯಕ್ತಪಡಿಸಿತು, ರಕ್ಷಣಾ ಸಚಿವರು ಒಂದು ವಾರದೊಳಗೆ ಸಂಸತ್ತಿನಲ್ಲಿ ಹೇಳಿಕೆ ಕೊಟ್ಟರು, ತನಿಖೆ ನಡೆದು ಆಗಸ್ಟ್‌ನಲ್ಲಿ ವಾಯುಪಡೆಯ ಮೂವರು ಅಧಿಕಾರಿಗಳನ್ನು ವಜಾ ಮಾಡಲಾಯಿತು. ಅದಕ್ಕೂ ಮೊದಲು, 2019ರ ಫೆಬ್ರವರಿ 27ರಂದು ಬಡ್ಗಾಮ್‌ನಲ್ಲಿ ನಮ್ಮದೇ ಕ್ಷಿಪಣಿಗೆ ನಮ್ಮದೇ ಹೆಲಿಕಾಪ್ಟರ್ ಉರುಳಿ ಆರು ಯೋಧರೂ ಒಬ್ಬ ನಾಗರಿಕರೂ ಸತ್ತಾಗ, ಅದು ನಮ್ಮ ದೊಡ್ಡ ತಪ್ಪು ಎಂದು ವಾಯುಪಡೆಯ ಮುಖ್ಯಸ್ಥರೇ ಬಹಿರಂಗವಾಗಿ ಒಪ್ಪಿಕೊಂಡರು. ಅದರಿಂದ ವಾಯುಪಡೆಯ ಗೌರವ ಬೀದರ್‌ನಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಮೌನದ ದಾರಿ ಎಲ್ಲಿಗೆ ಹೋಗುತ್ತದೆಂದು ನೋಡಬೇಕಾದರೆ ನಮ್ಮ ನೆರೆಯವರನ್ನೇ ನೋಡಬಹುದು. ಪಾಕಿಸ್ತಾನವೂ ಉಗ್ರರಿಂದ ನೊಂದ ದೇಶ. 2014ರ ಡಿಸೆಂಬರ್ 16ರಂದು ಪೇಶಾವರದ ಸೇನಾ ಶಾಲೆಯಲ್ಲಿ ತೆಹ್ರೀಕ್-ಎ-ತಾಲಿಬಾನ್ ಪಾಕಿಸ್ತಾನ್ ಎಂಬ ಉಗ್ರ ಸಂಘಟನೆ ಕೊಂದ 140ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಮಕ್ಕಳು. ಆ ಸಂಘಟನೆಯನ್ನು ಬೆನ್ನಟ್ಟುವ ಹೆಸರಿನಲ್ಲಿ ಪಾಕಿಸ್ತಾನದ ವಿಮಾನಗಳು ಅಫ್ಘಾನಿಸ್ತಾನದೊಳಗೆ ನುಗ್ಗುತ್ತಿವೆ. 2022ರ ಏಪ್ರಿಲ್‌ನಲ್ಲಿ ಖೋಸ್ತ್ ಮತ್ತು ಕುನಾರ್‌ನಲ್ಲಿ 20 ಮಕ್ಕಳು ಸತ್ತರೆಂದು ಯುನಿಸೆಫ್ ಹೇಳಿತು. 2024ರ ಡಿಸೆಂಬರ್ 24ರ ರಾತ್ರಿ ಪಕ್ತಿಕಾದ ಬರ್ಮಲ್‌ನಲ್ಲಿ ಸತ್ತ 46 ಮಂದಿಯಲ್ಲಿ ಹೆಚ್ಚಿನವರು ಮಹಿಳೆಯರು, ಮಕ್ಕಳು ಎಂದು ಅಫ್ಘಾನಿಸ್ತಾನದ ತಾಲಿಬಾನ್ ಆಡಳಿತ ಹೇಳಿತು. ಹೊಡೆದದ್ದು ಉಗ್ರರ ಅಡಗುತಾಣಗಳನ್ನೆಂದು ಪಾಕಿಸ್ತಾನದ ಅಧಿಕಾರಿಗಳು ಹೇಳಿದರು. 2024ರ ಜನವರಿ 16ರಂದು ಇರಾನ್ ಬಲೂಚಿಸ್ತಾನದ ಪಂಜ್‌ಗುರ್‌ಗೆ ಕ್ಷಿಪಣಿ ಹಾರಿಸಿದಾಗ ಇಬ್ಬರು ಮಕ್ಕಳು ಸತ್ತರು, ಎರಡೇ ದಿನಗಳಲ್ಲಿ ಪಾಕಿಸ್ತಾನ ಇರಾನ್‌ನ ಸರಾವಾನ್ ಬಳಿ ಹೊಡೆದಾಗ ಮತ್ತೆ ಮಹಿಳೆಯರು, ಮಕ್ಕಳು ಸತ್ತರು. ಅದೇ ತಿಂಗಳು ಮುಗಿಯುವುದರೊಳಗೆ ಎರಡೂ ದೇಶಗಳ ರಾಯಭಾರಿಗಳು ತಮ್ಮ ಹುದ್ದೆಗಳಿಗೆ ಮರಳಿದರು. ಸತ್ತ ಮಕ್ಕಳ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಬರ್ಮಲ್ ದಾಳಿಯನ್ನು ಭಾರತ ಖಂಡಿಸಿತು. ಅಮಾಯಕ ನಾಗರಿಕರ ಮೇಲಿನ ಯಾವುದೇ ದಾಳಿಯನ್ನು ನಾವು ನಿಸ್ಸಂದಿಗ್ಧವಾಗಿ ಖಂಡಿಸುತ್ತೇವೆಂದು ವಿದೇಶಾಂಗ ಸಚಿವಾಲಯ 2025ರ ಜನವರಿಯಲ್ಲಿ ಹೇಳಿತು. ಅದು ಸರಿಯಾದ ಮಾತು. ಬರ್ಮಲ್‌ನ ಮಗುವಿಗೆ ಹಿಡಿದ ತಕ್ಕಡಿಯನ್ನೇ ಪೂಂಛ್‌ನ ಮಗುವಿಗೂ ಬಹಾವಲ್ಪುರದ ಮಗುವಿಗೂ ಹಿಡಿದರೆ ಆ ಮಾತಿಗೆ ಜಗತ್ತಿನಲ್ಲಿ ತೂಕ ಬರುತ್ತದೆ.

ಆದ್ದರಿಂದ ನೀವು ಯಾವ ಪಕ್ಷದವರೇ ಆಗಿರಲಿ, ನಾಲ್ಕು ಕೆಲಸಗಳನ್ನು ಮಾಡಬೇಕೆಂದು ಕೋರುತ್ತೇನೆ. 2025ರ ಮೇ ತಿಂಗಳಿನಲ್ಲಿ ಗಡಿಯ ಈಚೆ ಸತ್ತ ಪ್ರತಿ ನಾಗರಿಕರ ಹೆಸರು, ವಯಸ್ಸು, ಊರು, ಸತ್ತ ಸಂದರ್ಭ ಮತ್ತು ಕುಟುಂಬಕ್ಕೆ ಸಂದ ಪರಿಹಾರವನ್ನು, ಕುಟುಂಬದ ಒಪ್ಪಿಗೆ ಪಡೆದು, ಸದನದಲ್ಲಿ ಮಂಡಿಸುವಂತೆ ಗೃಹ ಮತ್ತು ರಕ್ಷಣಾ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆ ಕೇಳಿ. ಗಡಿಯಾಚೆಗೆ ಯಾವ ಕಾರ್ಯಾಚರಣೆ ನಡೆದರೂ ಅದರ ನಂತರ ಇಂತಿಷ್ಟು ದಿನಗಳಲ್ಲಿ, ಸೇನಾ ರಹಸ್ಯಕ್ಕೆ ಧಕ್ಕೆಯಾಗದಂತೆ, ಎರಡೂ ಕಡೆಯ ನಾಗರಿಕ ಹಾನಿಯ ಬಗ್ಗೆ ಸರ್ಕಾರಕ್ಕೆ ತಿಳಿದದ್ದನ್ನು ಸಂಸತ್ತಿಗೆ ಹೇಳಬೇಕೆಂಬ ಖಾಸಗಿ ಸದಸ್ಯರ ಮಸೂದೆಯೊಂದನ್ನು ತನ್ನಿ. ಅದು ಬಿದ್ದುಹೋದರೂ ಚರ್ಚೆ ಕಡತದಲ್ಲಿ ಉಳಿಯುತ್ತದೆ. ಸತ್ತ ನಾಗರಿಕರನ್ನು ಉಗ್ರರೆಂದು ಬಿಂಬಿಸಿದ ಪ್ರಕರಣಗಳಲ್ಲಿ ಸರ್ಕಾರವೇ ಮುಂದೆ ಬಂದು ಕುಟುಂಬದ ಪರ ನಿಲ್ಲಬೇಕೆಂದು ಒತ್ತಾಯಿಸಿ.

ನಾಲ್ಕನೆಯದು ದೂರದ ಆಸೆಯಂತೆ ಕಾಣಬಹುದು. ಭಾರತ ಮತ್ತು ಪಾಕಿಸ್ತಾನ ಎಷ್ಟೇ ಕಡುವೈರದಲ್ಲಿದ್ದರೂ, 1988ರ ಒಪ್ಪಂದದಂತೆ ಪ್ರತಿ ಜನವರಿ 1ರಂದು ತಮ್ಮ ಅಣುಸ್ಥಾವರಗಳ ಪಟ್ಟಿಯನ್ನು ಪರಸ್ಪರ ಕೊಟ್ಟುಕೊಳ್ಳುತ್ತವೆ. 2008ರ ಒಪ್ಪಂದದಂತೆ ಜನವರಿ 1 ಮತ್ತು ಜುಲೈ 1ರಂದು ತಮ್ಮ ಜೈಲುಗಳಲ್ಲಿರುವ ಆ ಕಡೆಯ ನಾಗರಿಕ ಕೈದಿಗಳ, ಮೀನುಗಾರರ ಪಟ್ಟಿಯನ್ನೂ ಕೊಟ್ಟುಕೊಳ್ಳುತ್ತವೆ. ಮೇ ತಿಂಗಳ ಕಾಳಗ ಮುಗಿದು ಎರಡು ತಿಂಗಳೂ ಆಗದ 2025ರ ಜುಲೈ 1ರಂದು ಕೂಡ ಆ ವಿನಿಮಯ ನಡೆಯಿತು. ಅದೇ ದಿನ, ಅದೇ ಅಧಿಕಾರಿಗಳ ಕೈಯಿಂದ ಮೂರನೆಯ ಪಟ್ಟಿಯೊಂದು, ಗಡಿಯ ಎರಡೂ ಕಡೆ ಸತ್ತ ನಾಗರಿಕರ ಹೆಸರುಗಳದ್ದು, ದಾಟಲಾರದೇ? ಪಾಕಿಸ್ತಾನ ಒಪ್ಪದಿದ್ದರೆ ಒಪ್ಪದಿರಲಿ, ಕೇಳಿದವರು ನಾವಾಗಿರಲಿ. ಈ ಸಲಹೆಯನ್ನು ವಿದೇಶಾಂಗ ಸಚಿವರ ಮುಂದಿಡಲು ಸ್ವಂತ ನೆಲದಲ್ಲಿ ರಜಾಕಾರರನ್ನೂ ಪೊಲೀಸ್ ಕಾರ್ಯಾಚರಣೆಯನ್ನೂ ಕಂಡ ನಮ್ಮ ಮೂರು ಜಿಲ್ಲೆಗಳ ಪ್ರತಿನಿಧಿಗಳಿಗಿಂತ ಹೆಚ್ಚಿನ ಹಕ್ಕು ಯಾರಿಗಿದೆ?

ಮುಂದಿನ ಅಧಿವೇಶನದಲ್ಲಿ ಈ ಪ್ರಶ್ನೆಯನ್ನು ನಿಮ್ಮಲ್ಲಿ ಯಾರು, ಯಾವ ಸದನದಲ್ಲಿ ಕೇಳುತ್ತೀರೆಂದು ಬಹಿರಂಗವಾಗಿಯೇ ತಿಳಿಸಬೇಕೆಂದು ವಿನಂತಿಸುತ್ತೇನೆ. ಪ್ರಶ್ನೆಯ ಕರಡು ಬೇಕಾದರೆ ಕನ್ನಡದಲ್ಲಿ ಬರೆದು ಕೊಡುತ್ತೇನೆ. ಉತ್ತರ ಬಂದ ದಿನ ನಮ್ಮ ಓಣಿಯ ಆ ಹುಡುಗಿಯನ್ನು ಕರೆದು ಅದನ್ನು ಓದಿ ಹೇಳಬೇಕಾಗಿದೆ. ಅವಳು ಈಗಲೂ ಕೇಳುತ್ತಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇತಿಹಾಸ ಶಿಕ್ಷಕ
ಬೀದರ್